ಕಣ್ಣ ಕೆಳಗಿನ ಕಪ್ಪು ಮತ್ತು ಚಿಕ್ಕಪ್ಪನ ಕಾವಿ ಡಬ್ಬಿ

ನಮ್ಮ ಚಿಕ್ಕಪ್ಪ ಯಾರ ಕಣ್ಣನ್ನೂ ನೋಡಿ ಮಾತಾಡಿದವನಲ್ಲ. ಹಾಗೆಂದು ಅವನನ್ನು ನಾಚಿಕೆ ಸ್ವಭಾವದವನು ಎಂದೋ, ಏನೋ ಕದ್ದು ಮುಚ್ಚಿಡುವವನು ಎಂದೋ ತಿಳಿಯಬೇಡಿ! ಅವನು ನೋಡುತ್ತಿದ್ದದ್ದು ಕಣ್ಣಿಗಿಂತ ಅರ್ಧ ಅಂಗುಲ ಕೆಳಗೆ. ಅಲ್ಲಿ ಕಪ್ಪಾಗಿದೆಯೇ, ಆಗಿದ್ದರೆ ಎಷ್ಟು, ಎಡಗಡೆ ಹೆಚ್ಚೋ ಬಲಗಡೆ ಹೆಚ್ಚೋ, ಹುಟ್ಟಿನಿಂದ ಬಂದದ್ದೋ ಈಚೆಗೆ ಸೇರಿಕೊಂಡದ್ದೋ, ಇಷ್ಟನ್ನೂ ಖಚಿತಪಡಿಸಿಕೊಂಡ ಮೇಲೆಯೇ "ಏನ್ ಬಂದ್ರಿ?" ಎಂದು ಕೇಳುತ್ತಿದ್ದುದು.

ಚಿಕ್ಕಪ್ಪ ಅಕ್ಕಸಾಲಿ. ಶ್ರೀರಂಗಪಟ್ಟಣದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅವನ ಅಂಗಡಿ. ಒಂದು ಅಗ್ಗಿಷ್ಟಿಕೆ, ಒಂದು ಊದುಗೊಳವೆ, ಒಂದು ಒರೆಗಲ್ಲು, ಗಿರಾಕಿಗಳು ಕೂರಲು ಒಂದು ಚಾಪೆ. ಅಕ್ಕಸಾಲಿಗಳೆಲ್ಲರ ಬಾಯಲ್ಲಿ ಸದಾ ಇರುವ "ನಾಳೆ ಬನ್ನಿ" ಎಂಬ ಮಾತು ನಮ್ಮ ಚಿಕ್ಕಪ್ಪನ ಬಾಯಲ್ಲಿ ಉಳಿದವರಿಗಿಂತ ಒಂದು ಗುಲಗಂಜಿ ಹೆಚ್ಚೇ ಇತ್ತು. ಹಳ್ಳಿಯಿಂದ ಬಂದ ಹೆಂಗಸರು ಚಾಪೆಯ ಮೇಲೆ ಕೂತು ಮಾತು ತೆಗೆದರೆ ಇವನು ರೆಪ್ಪೆ ಮಿಟುಕಿಸದೆ ಅವರ ಮುಖದ ಮಧ್ಯಭಾಗವನ್ನೇ ನೋಡುತ್ತಿದ್ದ. ಪಾಪ, ಅವರಿಗೇನು ಗೊತ್ತು? ಮೂಗುತಿಯನ್ನು ಕಣ್ಣಲ್ಲೇ ತೂಗುತ್ತಿದ್ದಾನೆ ಎಂದುಕೊಂಡು ಬೆವರುತ್ತಿದ್ದರು. ಒಬ್ಬಾಕೆಯಂತೂ ಮೂಗಿಗೆ ಕೈ ಅಡ್ಡ ಹಿಡಿದು, "ನಾ ಇದುನ್ನ ಮಾರಾಕ್ ಬಂದಿಲ್ಲ ಕಣಪ್ಪಾ, ಓಲೆ ತಿರುಪು ಮುರ್ದೋಗದೆ ಅಂತ ಬಂದೆ" ಎಂದು ಎದ್ದೇಬಿಟ್ಟಳು.

"ಕೂತ್ಕೊಳವ್ವ, ಮೂಗುತಿ ಯಾರ್ ಕೇಳುದ್ರು? ನಿಂಗ್ ನಿದ್ದೆ ಸಾಲ್ದು" ಎಂದ ಚಿಕ್ಕಪ್ಪ.

"ಎಮ್ಮೆ ಕರಾ ಆಕದೆ, ಎಲ್ಲಿ ನಿದ್ದೆ?"

"ಅಂಗ್ ಯೋಳು ಮತ್ತೆ! ಎಮ್ಮೆ ಕಪ್ಪು ಇದು. ಕರಾ ದೊಡ್ಡದಾದ್ಮೇಲೆ ಓಯ್ತದೆ."

ಹೀಗೆ ರೋಗಕ್ಕೂ ಔಷಧಕ್ಕೂ ಒಟ್ಟಿಗೇ ಹೆಸರಿಡುವ ವೈದ್ಯರು ಎಲ್ಲಿ ಸಿಗುತ್ತಾರೆ ಹೇಳಿ! ಒಮ್ಮೆ ನನ್ನದೊಂದು ಸರ್ಟಿಫಿಕೇಟಿಗೆಂದು ಅವನನ್ನು ಒಂದು ಕಚೇರಿಗೆ ಕಳಿಸಿದ್ದೆವು. ಗುಮಾಸ್ತರ ಮುಂದೆ ನಿಂತವನು ಅರ್ಜಿಯನ್ನು ಕೈಯಲ್ಲೇ ಹಿಡಿದು, "ಸ್ವಾಮಿ, ತಮುಗೆ ಎಡಗಡೆ ಒಸಿ ಜಾಸ್ತಿ ಅದೆ" ಎಂದನಂತೆ. ಗುಮಾಸ್ತರು ಗಾಬರಿಯಾಗಿ ಪಕ್ಕದ ಮೇಜಿನ ಟೈಪಿಸ್ಟಮ್ಮನ ಹತ್ತಿರ ಕನ್ನಡಿ ಇಸಿದುಕೊಂಡು ನೋಡಿಕೊಂಡರು. ಹೌದು, ಎಡಗಡೆ ಜಾಸ್ತಿಯೇ ಇತ್ತು! ಆಮೇಲೆ ಟೈಪಿಸ್ಟಮ್ಮ, ಆಮೇಲೆ ಜವಾನ, ಆಮೇಲೆ ಅರ್ಜಿ ಕೊಡಲು ಬಂದವರು, ಎಲ್ಲರೂ ಸಾಲಾಗಿ ಮುಖ ತೋರಿಸಿದರು. ಹದಿನಾಲ್ಕು ಜೊತೆ ಕಣ್ಣು ನೋಡಿ, ಊಟದ ಹೊತ್ತಿಗೆ ಬಹಳ ತೃಪ್ತಿಯಿಂದ ಮನೆಗೆ ಬಂದ. ಅರ್ಜಿ ಅವನ ಕೈಯಲ್ಲೇ ಇತ್ತು.

ಈ ಹುಚ್ಚಿಗೆಲ್ಲ ಕಾರಣ ನಮ್ಮ ಚಿಕ್ಕಮ್ಮ.

ಚಿಕ್ಕಮ್ಮ ನಾಗಮಂಗಲದ ಹುಡುಗಿ. ತುಂಬಿದ ಎರಡು ಕೊಡ ನೀರನ್ನು ಒಂದು ತಲೆಯ ಮೇಲೆ, ಒಂದು ಸೊಂಟದ ಮೇಲೆ ಇಟ್ಟುಕೊಂಡು, ದಾರಿಯಲ್ಲಿ ಸಿಕ್ಕವರ ಜೊತೆ ಜಗಳವನ್ನೂ ಮುಗಿಸಿಕೊಂಡು ಬರುವಷ್ಟು ಗಟ್ಟಿಗಿತ್ತಿ. ಆದರೆ ಎರಡು ಕಣ್ಣ ಕೆಳಗೂ ಒಗ್ಗರಣೆ ಸೌಟಿನ ತಳದಂತೆ ಕಪ್ಪು. ನನಗೆ ಬುದ್ಧಿ ಬಂದಾಗಿನಿಂದ ಅದು ಅಲ್ಲಿಯೇ ಇತ್ತು. ನನ್ನ ಅಮ್ಮ ನಾನು ಎಂಟು ತಿಂಗಳ ಕೂಸಾಗಿದ್ದಾಗ ತೀರಿಕೊಂಡಳು. ಅಪ್ಪ ಬೂಕನಕೆರೆಯಲ್ಲಿ ಮರಗೆಲಸ ಮಾಡಿಕೊಂಡು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಚಿಕ್ಕಪ್ಪ ಚಿಕ್ಕಮ್ಮನಿಗೆ ಬೇರೆ ಮಕ್ಕಳಾಗಲಿಲ್ಲ. ಹಾಗಾಗಿ ನಾನು ಬೆಳೆದದ್ದೆಲ್ಲ ಚಿಕ್ಕಮ್ಮನ ಮಡಿಲಲ್ಲಿ. ಬಾಯಲ್ಲಿ ಚಿಕ್ಕಮ್ಮ ಎಂದು ಕರೆಯುತ್ತಿದ್ದೆ ಎನ್ನುವುದನ್ನು ಬಿಟ್ಟರೆ ಅವಳು ನನಗೆ ಅಮ್ಮನೇ.

ಎಲ್ಲಿ ಹೋದರೂ ಜನ ಅವಳನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಯಾಕವ್ವಾ, ಉಸಾರಿಲ್ವಾ?" ಗಂಜಾಂನ ನಿಮಿಷಾಂಬ ದೇವಸ್ಥಾನಕ್ಕೆ ಹೋದರೆ ಹೂವಿನವಳು ಕೇಳುತ್ತಿದ್ದಳು. ಬಸ್ಸಿನಲ್ಲಿ ಗುರುತಿಲ್ಲದವರು ಎದ್ದು ಸೀಟು ಬಿಟ್ಟುಕೊಡುತ್ತಿದ್ದರು. "ಗುಂಡ್ಕಲ್ ಇದ್ದಂಗಿವ್ನಿ, ನಂಗ್ಯಾಕ್ ಸೀಟು!" ಎಂದು ರೇಗುತ್ತಲೇ ಕೂತುಕೊಳ್ಳುತ್ತಿದ್ದಳು, ಅದು ಬೇರೆ ಮಾತು. ಆದರೆ ಕೇಳಿ ಕೇಳಿ ಅವಳಿಗೆ ತನ್ನ ಮುಖದ ಮೇಲೆಯೇ ಬೇಸರ ಹುಟ್ಟಿತ್ತು. ಕ್ಯಾಮೆರಾ ಕಂಡರಂತೂ ಮಾಯ! ನಮ್ಮ ಮನೆಯ ಆಲ್ಬಮ್ಮಿನಲ್ಲಿ ಚಿಕ್ಕಮ್ಮನದು ಒಂದು ಮೊಣಕೈ ಇದೆ. ಕಂಬದ ಹಿಂದಿನಿಂದ ಇಣುಕುವ ಅರ್ಧ ಸೆರಗಿದೆ. ನನ್ನ ಬಾಯಿಗೆ ಲಾಡು ಇಡುತ್ತಿರುವ ಬಳೆ ತೊಟ್ಟ ಕೈಯೊಂದಿದೆ. ಮೂರನ್ನೂ ಕತ್ತರಿಸಿ ಅಂಟಿಸಿದರೂ ಒಂದು ಹೆಂಗಸು ಆಗುವುದಿಲ್ಲ.

ಇಷ್ಟರಲ್ಲಿ ತೊಂಬತ್ತರ ದಶಕ ಅರ್ಧ ಸವೆದಿತ್ತು. ನನಗೆ ಇಪ್ಪತ್ತೆರಡಾಗಿ, ಕೆ.ಆರ್.ಪೇಟೆಯ ಕಡೆ ಗಂಡು ಗೊತ್ತಾಯಿತು. ಅಮ್ಮ ಇಲ್ಲದ್ದರಿಂದ ಅಪ್ಪ ಧಾರೆಗೆ ಕೂರುವಂತಿರಲಿಲ್ಲ. ಚಿಕ್ಕಪ್ಪ ಚಿಕ್ಕಮ್ಮನೇ ನನ್ನನ್ನು ಧಾರೆ ಎರೆದು ಕೊಡಬೇಕು ಎಂದು ಹಿರಿಯರು ಮಾತಾಡಿಕೊಂಡರು. ನನಗೂ ಅದೇ ಬೇಕಾಗಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು, ಮದುವೆಗೆ ಫೋಟೋ ಮಾತ್ರವಲ್ಲ, ದೊಡ್ಡ ಲೈಟು ಹಿಡಿದುಕೊಂಡು ವಿಡಿಯೋದವನೂ ಬರುತ್ತಾನೆ ಎಂದು ಹೇಳಿಬಿಟ್ಟರು. ಚಿಕ್ಕಮ್ಮ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ನಾ ಧಾರೆಗ್ ಕೂರಾಕಿಲ್ಲ" ಎಂದಳು. "ಆ ಬೆಳಕ್ನಾಗೆ ನನ್ ಮೊಖ ನೋಡುದ್ರೆ ಗಂಡಿನ್ ಕಡೇರು ಏನಂದ್ಕೊಂಡಾರು? ರೋಗಿಷ್ಟೆ ಸಾಕಿದ್ ಮಗ್ಳು ಅನ್ನಾಕಿಲ್ವಾ? ಪಾಂಡವಪುರದ್ ಅತ್ತಿಗೆ ಕೂರ್ಲಿ. ಅವರ್ದು ಒಳ್ಳೆ ಮೊಖ."

ಪಾಂಡವಪುರದ ಅತ್ತಿಗೆ ಎಂದರೆ ಅಪ್ಪನ ಅಕ್ಕ, ನನ್ನ ದೊಡ್ಡ ಸೋದರತ್ತೆ. ಸುದ್ದಿ ತಲುಪಿದ ಮೂರನೇ ದಿನಕ್ಕೆ ಅವರು ಧಾರೆಗೆಂದೇ ಒಂದು ಸೀರೆ ತೆಗೆದಿಟ್ಟಾಗಿತ್ತು! ನಾನು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಎಂಟು ತಿಂಗಳ ಕೂಸಾಗಿದ್ದಾಗಿನಿಂದ ಎತ್ತಿ ಆಡಿಸಿದವಳನ್ನು ಬಿಟ್ಟು ಬೇರೆ ಯಾರೋ ನನ್ನ ಕೈ ಮೇಲೆ ನೀರು ಹಾಕುವುದೆಂದರೆ ಏನರ್ಥ? ಚಿಕ್ಕಪ್ಪ ಊದುಗೊಳವೆ ಬಾಯಿಂದ ತೆಗೆದು ಹೇಳಿದ: "ಉಣ್ಣಮ್ಮಿ ನೀನು. ಇನ್ನಾ ಮೂರ್ ತಿಂಗ್ಳದೆ. ನಿಮ್ ಚಿಕ್ಕಮ್ಮ ಕೂತ್ಕತಾಳೆ, ಫೋಟೋದಾಗ್ ನೆಟ್ಟಗ್ ನೋಡ್ತಾಳೆ. ಇಲ್ದಿದ್ರೆ ನಾನು ಈ ಒರೆಗಲ್ಲ ಕಾವೇರಿಗ್ ಎಸ್ದುಬುಡ್ತೀನಿ."

ಅಲ್ಲಿಂದ ಶುರುವಾಯಿತು ನೋಡಿ ಪ್ರಯೋಗ!

ಮೊದಲು ಸೌತೆಕಾಯಿ. ಯಾವುದೋ ವಾರಪತ್ರಿಕೆಯ ಸೌಂದರ್ಯದ ಪುಟದಲ್ಲಿ, ಸೌತೆಕಾಯಿ ಬಿಲ್ಲೆಗಳನ್ನು ಕಣ್ಣ ಮೇಲಿಟ್ಟುಕೊಂಡು ಅರ್ಧ ಗಂಟೆ ಅಲುಗಾಡದೆ ಮಲಗಬೇಕು ಎಂದು ಬರೆದಿತ್ತು. ಚಿಕ್ಕಮ್ಮನನ್ನು ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿಸಿದ. ಒಡವೆ ಕೆಲಸದವನ ಕೈ, ಬಿಲ್ಲೆಗಳು ಎರಡೂ ಒಂದೇ ತೂಕ, ಒಂದೇ ದಪ್ಪ! ಅವಳು ಅಲುಗಾಡದಿರಲಿ ಎಂದು ತಾನು ತಲೆಯ ಹತ್ತಿರ ಕೂತು, ಕೆನ್ನೆಗೆ ಕೈ ಹಚ್ಚಿಕೊಂಡು ಕಾಯತೊಡಗಿದ. ಅದೇ ಹೊತ್ತಿಗೆ ಪಕ್ಕದ ಮನೆಯಾಕೆ ಮಜ್ಜಿಗೆ ಕೇಳಲು ಬಂದರು. ಬಾಗಿಲಲ್ಲಿ ನಿಂತು ನೋಡಿದರು. ಅಂಗಾತ ಮಲಗಿರುವ ಹೆಂಡತಿ, ಕಣ್ಣ ಮೇಲೆ ಏನೋ ಇಟ್ಟು ಮುಚ್ಚಿದೆ, ಉಸಿರಿಲ್ಲದಂತೆ ಬಿದ್ದಿದ್ದಾಳೆ, ತಲೆದೆಸೆಯಲ್ಲಿ ಗಂಡ ಕೆನ್ನೆಗೆ ಕೈ ಹಚ್ಚಿ ಕೂತಿದ್ದಾನೆ. ಪಾತ್ರೆ ಕೈಬಿಟ್ಟು, "ಅಯ್ಯೋ, ಮಗೀನ ಮದ್ವೆ ನೋಡ್ದಂಗೆ ಓಗ್ಬುಟ್ಯಲ್ಲವ್ವಾ!" ಎಂದು ಎದೆ ಬಡಿದುಕೊಂಡರು. ಬೀದಿಗೆ ಬೀದಿಯೇ ಓಡಿ ಬಂತು.

ಚಿಕ್ಕಪ್ಪ ಮೇಲೇಳಲಿಲ್ಲ. ತುಟಿಗೆ ಬೆರಳಿಟ್ಟು, "ಸದ್ದ್ ಮಾಡ್ಬ್ಯಾಡಿ, ಇನ್ನಾ ಎಂಟ್ ನಿಮಿಷ ಅದೆ" ಎಂದ. ಗುಂಪಿಗೆ ಇದರಿಂದ ಸಮಾಧಾನವಾಗಲಿಲ್ಲ; ದುಃಖದಿಂದ ಇವನಿಗೆ ತಲೆ ಕೆಟ್ಟಿದೆ ಎಂದು ಅಳು ಇನ್ನೂ ಜೋರಾಯಿತು. ಆಗ ಚಿಕ್ಕಮ್ಮ ಎದ್ದು ಕೂತು, ಬಿಲ್ಲೆಗಳನ್ನು ಕಿತ್ತು ಬಾಯಿಗೆ ಹಾಕಿಕೊಂಡು ಕರಕರ ಅಗಿಯುತ್ತಾ, "ಮಜ್ಗೆ ಒಳಗದೆ, ಉಯ್ಕೊಂಡೋಗಿ" ಎಂದಳು. ಸೌತೆಕಾಯಿ ಚಿಕಿತ್ಸೆ ಅಲ್ಲಿಗೆ ಮುಗಿಯಿತು.

ಆಮೇಲೆ ಎಮ್ಮೆಯ ಹಸಿ ಬೆಣ್ಣೆ ಹಚ್ಚಿದ. ಇರುವೆ ಬಂತು. ಆಲೂಗೆಡ್ಡೆ ತುರಿದು ಕಟ್ಟಿದ. ಚಿಕ್ಕಮ್ಮ ಅದನ್ನು ಪಲ್ಯಕ್ಕೆ ಹಾಕಿದಳು. ಗಂಧ ತೇದು ಬಳಿದ. ಪೂಜಾರಿಯ ಹೆಂಡತಿ ಇದ್ದಂತೆ ಕಾಣುತ್ತಾಳೆ ಎಂದು ಬೀದಿಯವರು ಹೇಳಿದರೇ ಹೊರತು ಕಪ್ಪು ಹೋಯಿತು ಎಂದು ಯಾರೂ ಹೇಳಲಿಲ್ಲ. ಒಂದೂವರೆ ತಿಂಗಳು ಕಳೆಯುವ ಹೊತ್ತಿಗೆ ಚಿಕ್ಕಪ್ಪನಿಗೆ ಒಂದು ಸತ್ಯ ಗೋಚರಿಸಿತು. "ಇದು ತೆಗ್ಯೋ ಕಪ್ಪಲ್ಲ ಕಣಮ್ಮಿ. ಮುಚ್ಚೋ ಕಪ್ಪು."

ಮುಚ್ಚಲು ಪೌಡರು ಬೇಕಲ್ಲ? ನಾವು ಮೂವರೂ ಒಂದು ಫ್ಯಾನ್ಸಿ ಸ್ಟೋರಿಗೆ ಹೋದೆವು. ಅಂಗಡಿಯ ಹೆಂಗಸು ಒಂದು ಸ್ನೋ, ಎರಡು ಬಗೆಯ ಪೌಡರು, ಒಂದು ಪುಟ್ಟ ಡಬ್ಬಿ ಕ್ರೀಮು ತೆಗೆದಿಟ್ಟಳು. ಚಿಕ್ಕಪ್ಪ ಜೇಬಿನಿಂದ ಒರೆಗಲ್ಲು ತೆಗೆದ! ಒಂದೊಂದು ಪೌಡರನ್ನೂ ಚಿಟಿಕೆ ಹಿಡಿದು ಕಲ್ಲಿನ ಮೇಲೆ ಉಜ್ಜಿ, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿ, "ಇದ್ರಾಗೆ ಸುಣ್ಣ ಜಾಸ್ತಿ ಅದೆ" ಎಂದು ತೀರ್ಪು ಕೊಟ್ಟ.

"ಅಣ್ಣಾ, ಅದು ಪೌಡರು. ಚಿನ್ನ ಅಲ್ಲ" ಎಂದಳು ಅಂಗಡಿಯವಳು.

"ಚಿನ್ನ ಆದ್ರೇನು ಪೌಡ್ರಾದ್ರೇನು, ಉಜ್ದಾಗ್ ತಾನೇ ಬಣ್ಣ ಗೊತ್ತಾಗೋದು!"

ಕೊನೆಗೆ ಸುಣ್ಣ ಕಡಿಮೆ ಇದ್ದ ಪೌಡರನ್ನು ತಂದು ಚಿಕ್ಕಮ್ಮನ ಕಣ್ಣ ಕೆಳಗೆ ಬಳಿದ. ಕಪ್ಪಿನ ಮೇಲೆ ಬಿಳಿ ಕೂತು ಏನಾಯಿತು ಗೊತ್ತೇ? ಬೂದಿ ಬಣ್ಣ! ಬೂದುಗುಂಬಳಕಾಯಿಗೆ ಎರಡು ಕಣ್ಣು ಬರೆದಂತೆ ಕಾಣುತ್ತಿದ್ದಳು. ಕನ್ನಡಿ ನೋಡಿಕೊಂಡು ಒಂದು ಮಾತೂ ಆಡದೆ ಹೋಗಿ ಮುಖ ತೊಳೆದುಕೊಂಡಳು. ಜಗಳ ಮಾಡದೆ ಸುಮ್ಮನಿದ್ದಳು ಎಂದರೆ ಅವಳಿಗೆ ಎಷ್ಟು ನೋವಾಗಿರಬೇಕು ಎಂದು ನನಗೆ ಗೊತ್ತಾಯಿತು. ಸಂಜೆ ಪಾಂಡವಪುರದ ಅತ್ತೆಗೆ ಕಾಗದ ಬರೆಯಲು ನನ್ನನ್ನೇ ಕರೆದಳು. "ನೀವೇ ಧಾರೆಗ್ ಕೂತ್ಕಬೇಕು ಅಂತ ಬರ್ಯವ್ವ" ಎಂದಳು. ನಾನು ಪೆನ್ನಿನಲ್ಲಿ ಇಂಕಿಲ್ಲ ಎಂದು ಸುಳ್ಳು ಹೇಳಿ ತಪ್ಪಿಸಿಕೊಂಡೆ.

ಮಾರನೆಯ ದಿನ ಚಿಕ್ಕಪ್ಪ ನನ್ನದೇ ಮದುವೆಯ ಓಲೆಗೆ ಕೆಂಪು ಹರಳು ಕೂರಿಸುತ್ತಿದ್ದ. ಹರಳು ಮಂಕಾಗಿದ್ದರೆ ಅಕ್ಕಸಾಲಿಗಳು ಅದರ ಮೇಲೆ ಏನೂ ಮಾಡುವುದಿಲ್ಲ. ಅಡಿಯಲ್ಲಿ ತೆಳ್ಳನೆಯ ಕೆಂಪು ತಗಡಿನ ಹಾಳೆಯೊಂದನ್ನು ಇಟ್ಟು ಕೂರಿಸುತ್ತಾರೆ. ಮೇಲಿನಿಂದ ನೋಡಿದರೆ ಹರಳು ಕೆಂಡದಂತೆ ಉರಿಯುತ್ತದೆ. ಹಾಳೆ ಇಡುತ್ತಿದ್ದ ಚಿಕ್ಕಪ್ಪನ ಕೈ ಹಾಗೇ ನಿಂತಿತು. ಚಿಮುಟ ಕೆಳಗಿಟ್ಟು, "ಅಮ್ಮೀ, ನಾನ್ ಎಂಥಾ ದಡ್ಡ!" ಎಂದು ಕೂಗಿದ. "ಮ್ಯಾಗಿಂದ ಬಳ್ದ್ರೆ ಎಂಗಾಯ್ತದೆ? ಅಡೀಲಿ ಕೆಂಪ್ ಮಡಗ್ಬೇಕು!"

ಒಡವೆಗೆ ಮೆರುಗು ಕೊಡಲು ಇಟ್ಟಿದ್ದ ಕಾವಿ ಪುಡಿಯನ್ನು ಬಟ್ಟೆಯಲ್ಲಿ ಸೋಸಿ, ಕೊಬ್ಬರಿ ಎಣ್ಣೆಯಲ್ಲಿ ಕಲಸಿ, ಗಂಧ ಸೇರಿಸಿ ಒಂದು ಪುಟ್ಟ ಡಬ್ಬಿಗೆ ತುಂಬಿದ. ಮೊದಲು ಕಪ್ಪಿನ ಮೇಲೆ ಕಾವಿ, ಅದರ ಮೇಲೆ ಪೌಡರು. ಮುಂದೆ ಪಟ್ಟಣದ ಬ್ಯೂಟಿ ಪಾರ್ಲರಿನಲ್ಲಿ ಇದನ್ನೇ ಕಿತ್ತಳೆ ಬಣ್ಣದ ಕ್ರೀಮು ಹಚ್ಚಿ ದೊಡ್ಡ ವಿದ್ಯೆ ಎಂಬಂತೆ ಮಾಡುವುದನ್ನು ನೋಡಿ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಚಿಕ್ಕಪ್ಪ ಅದನ್ನು ಅಗ್ಗಿಷ್ಟಿಕೆಯ ಮುಂದೆ ಕೂತು ಕಂಡುಹಿಡಿದಿದ್ದ!

ಆದರೆ ಚಿಕ್ಕಮ್ಮ ಮುಖ ಕೊಡಲಿಲ್ಲ. "ಬೂದ್ಗುಂಬ್ಳ ಆಗಿದ್ ಸಾಕು" ಎಂದು ಅಡುಗೆಮನೆಯ ಚಿಲಕ ಹಾಕಿಕೊಂಡಳು. ಸರಿ, ಚಿಕ್ಕಪ್ಪನಿಗೂ ಬೆಂಕಿಯ ಮುಂದೆ ಕೂತು ಕೂತು ಕಣ್ಣ ಕೆಳಗೆ ಸಾಕಷ್ಟು ಕಪ್ಪಿತ್ತಲ್ಲ? ತನ್ನ ಮೇಲೆಯೇ ಪರೀಕ್ಷೆ ಮಾಡಿಕೊಂಡ. ಇಲ್ಲಿ ಅವನ ಕಸುಬಿನ ಬುದ್ಧಿ ನೋಡಿ. ಒರೆಗಲ್ಲಿನ ಮೇಲೆ ಎರಡು ಗೆರೆ ಪಕ್ಕಪಕ್ಕದಲ್ಲಿ ಎಳೆದರೆ ತಾನೇ ಯಾವುದು ಅಪ್ಪಟ ಎಂದು ತಿಳಿಯುವುದು? ಹಾಗಾಗಿ ಬಲಗಣ್ಣಿಗೆ ಮಾತ್ರ ಹಚ್ಚಿಕೊಂಡು, ಎಡಗಣ್ಣನ್ನು ಇದ್ದಂತೆಯೇ ಬಿಟ್ಟು, ಲಗ್ನಪತ್ರಿಕೆ ಹಂಚಲು ಬಸ್ಸು ಹತ್ತಿದ!

ಕಂಡಕ್ಟರು ಟಿಕೆಟ್ಟು ಹರಿಯುವ ಮೊದಲೇ ಕೇಳಿದ: "ಏನಣ್ಣೋ, ಯಾರ್ ಜೊತೆ ಜಗಳ ಆಯ್ತು?" ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. ಪಾಂಡವಪುರದಲ್ಲಿ ಇಳಿದು ಅಕ್ಕನ ಮನೆಗೆ ಹೋದ. ಅತ್ತೆ ಬಾಗಿಲು ತೆಗೆದವರೇ, "ಯಾವನ್ಲಾ ಒಡ್ದೋನು? ಎಸ್ರೇಳು, ಈಗ್ಲೇ ನಿಮ್ ಬಾವುನ್ನ ಕಳುಸ್ತೀನಿ!" ಎಂದರು. ಬಾವ ಆಗಲೇ ಮೂಲೆಯಲ್ಲಿದ್ದ ದೊಣ್ಣೆ ತೆಗೆದುಕೊಂಡಿದ್ದರು. ಯಾರೂ ಹೊಡೆದಿಲ್ಲ ಎಂದರೆ ಯಾರು ನಂಬುತ್ತಾರೆ? ಒಂದು ಕಣ್ಣ ಕೆಳಗೆ ಮಾತ್ರ ಗುಂಡಗೆ ಕಪ್ಪಗಿರುವ ಮನುಷ್ಯ ಬಿದ್ದೆ ಎನ್ನಬೇಕು, ಇಲ್ಲ ಬಾಗಿಲು ಬಡಿಯಿತು ಎನ್ನಬೇಕು. ಇವನು ಎರಡನ್ನೂ ಬಿಟ್ಟು ಹಲ್ಲು ಕಿರಿದ.

ಅಲ್ಲಿಂದ ಕೆ.ಆರ್.ಪೇಟೆ, ಗಂಡಿನ ಮನೆ. ಬೀಗರು ದೊಡ್ಡ ಮನುಷ್ಯರು, ಕೇಳಲಿಲ್ಲ. ಪತ್ರಿಕೆ ತೆಗೆದುಕೊಂಡು, ತಿಂಡಿ ಕೊಟ್ಟು, ಕೊನೆಯಲ್ಲಿ ಬಿಸಿ ನೀರಿನಲ್ಲಿ ಅದ್ದಿದ ಬಟ್ಟೆಯೊಂದನ್ನು ತಟ್ಟೆಯಲ್ಲಿಟ್ಟು ಎಲೆ ಅಡಿಕೆಯ ಜೊತೆ ಮುಂದಿಟ್ಟರು. "ಒಸಿ ಶಾಖ ಕೊಟ್ಕಳಿ ಬೀಗ್ರೆ, ಸಂಸಾರ ಅಂದ್ಮೇಲೆ ಇರ್ತದೆ" ಎಂದರು.

ಸಂಸಾರ! ಆ ಒಂದು ಮಾತು ಸಾಕಾಯಿತು. ಅಕ್ಕಸಾಲಿಗೆ ಹೆಂಡತಿ ಹೊಡೆದಿದ್ದಾಳೆ ಎಂಬ ಸುದ್ದಿ ಬಸ್ಸಿಗಿಂತ ಮುಂಚೆ ನಾಗಮಂಗಲ ಮುಟ್ಟಿತು. ಎರಡನೇ ದಿನ ಬೆಳಿಗ್ಗೆ ಚಿಕ್ಕಮ್ಮನ ಅಪ್ಪ, ಎಪ್ಪತ್ತು ದಾಟಿದ ಮುದುಕರು, ಎರಡು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತರು. ಮಗಳನ್ನು ಕರೆದು, "ಕೈ ಮಾಡ್ಬಾರ್ದು ಕಣವ್ವ. ಎಷ್ಟಾದ್ರೂ ಗಂಡ" ಎಂದರು.

"ನಾನಾ? ಕೈ ಮಾಡಿದ್ನಾ? ಯಾರಿಗೆ?"

ವಿಷಯ ತಿಳಿದು ಚಿಕ್ಕಮ್ಮ ನಕ್ಕ ನಗು ಬೀದಿಯ ಕೊನೆಯವರೆಗೆ ಕೇಳಿಸಿತು. ಚಿಕ್ಕಪ್ಪ ಮಾತ್ರ ನಗದೆ, ಗೆದ್ದವನಂತೆ ನಿಂತು ಹೇಳಿದ: "ಲೇ, ಒಸಿ ಯೋಚ್ನೆ ಮಾಡು. ಎಲ್ರೂ ಎಡಗಣ್ ಕೇಳುದ್ರು. ಬಲಗಣ್ಣ ಒಬ್ರಾದ್ರೂ ಕೇಳಿದ್ರಾ? ಮೂರ್ ತಾಲ್ಲೂಕಿನ್ ಜನ ನೋಡವ್ರೆ, ಬಲಗಣ್ಣಾಗೆ ಕಪ್ಪದೆ ಅಂತ ಒಬ್ರೂ ಅಂದಿಲ್ಲ!"

ಚಿಕ್ಕಮ್ಮ ನಗು ನಿಲ್ಲಿಸಿದಳು. ಗಂಡನ ಬಲಗಣ್ಣನ್ನು ಹತ್ತಿರ ಬಂದು ನೋಡಿದಳು. ಬೆರಳಿಂದ ಮುಟ್ಟಿ ನೋಡಿದಳು. ಆಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು, ಅವನ ಮುಂದೆ ಕೂತು ಮುಖ ಮೇಲೆತ್ತಿದಳು. ನನಗೆ ಕುಣಿಯಬೇಕು ಅನ್ನಿಸಿತು. ಮುದುಕರು ಬಾಳೆಹಣ್ಣು ಸುಲಿಯುತ್ತಾ, "ನಮ್ಮನೇಲಿದ್ದಾಗ ಇವಳ್ ಮೊಖ ತೊಳ್ದಿಟ್ಟ ಬೆಳ್ಳಿ ತಟ್ಟೆ ಇದ್ದಂಗಿತ್ತು, ಕಪ್ಪೂ ಇರ್ನಿಲ್ಲ ಏನೂ ಇರ್ನಿಲ್ಲ" ಎಂದರು. ಹೆತ್ತವರು ಹೀಗೆ ಹೇಳುವುದು ಇದ್ದದ್ದೇ ಎಂದು ನಾವು ನಕ್ಕೆವು. ಚಿಕ್ಕಪ್ಪ ನಗಲಿಲ್ಲ. ಕಾವಿ ಸಾಲದು, ಇನ್ನೊಂದಿಷ್ಟು ಅರೆಯಬೇಕು ಎಂದು ಗೊಣಗಿ ಒಳಗೆ ಹೋದ.

ಮದುವೆಯ ದಿನ ಚಿಕ್ಕಮ್ಮನ ಅಲಂಕಾರಕ್ಕೆ ಹಿಡಿದಷ್ಟು ಹೊತ್ತು ನನ್ನ ಅಲಂಕಾರಕ್ಕೂ ಹಿಡಿಯಲಿಲ್ಲ. ಹರಳಿನ ಸಂದು ತೊಳೆಯುವ ಕುಂಚದಲ್ಲಿ ಕಾವಿ ಎತ್ತಿ, ಉಸಿರು ಬಿಗಿಹಿಡಿದು, ಒಂದೊಂದೇ ಗೆರೆ ಎಳೆದು, ಪೌಡರು ಉದುರಿಸಿ, ದೂರ ನಿಂತು, ಹತ್ತಿರ ಬಂದು, ಅಂತೂ ಮುಗಿಸಿದ. ಕಪ್ಪೇ ಇಲ್ಲ! ಹೆಂಗಸರೆಲ್ಲ ಬಂದು ಬಂದು ನೋಡಿದರು. ಪಾಂಡವಪುರದ ಅತ್ತೆ ತಮ್ಮ ಹೊಸ ಸೀರೆಯ ಸೆರಗು ಸರಿಮಾಡಿಕೊಳ್ಳುತ್ತಾ, "ನಂಗೂ ಒಸಿ ಅಚ್ಚುಲಾ" ಎಂದರು. ಅಂದು ಒಬ್ಬರಾದರೂ ಚಿಕ್ಕಮ್ಮನನ್ನು ಉಸಾರಿಲ್ವಾ ಎಂದು ಕೇಳಲಿಲ್ಲ. ವಿಡಿಯೋದವನ ಲೈಟು ಮುಖಕ್ಕೆ ಬಿದ್ದರೂ ಅವಳು ಕಂಬ ಹುಡುಕಲಿಲ್ಲ.

ಧಾರೆಯ ಹೊತ್ತು ಬಂತು. ಚಿಕ್ಕಪ್ಪ ನಮ್ಮಿಬ್ಬರ ಕೈಗಳನ್ನು ತೆಂಗಿನಕಾಯಿಯ ಜೊತೆ ತನ್ನ ಕೈಯಲ್ಲಿ ಹಿಡಿದ. ಚಿಕ್ಕಮ್ಮ ಗಿಂಡಿಯಿಂದ ನೀರು ಬಿಡಬೇಕು. ಮೊದಲ ಹನಿ ಬಿದ್ದದ್ದು ಗಿಂಡಿಯಿಂದಲ್ಲ, ಅವಳ ಕಣ್ಣಿಂದ! ಆಮೇಲೆ ಎರಡೂ ಕಡೆಯಿಂದ ಸುರಿಯಿತು. ಸೆರಗಿನಲ್ಲಿ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಕಾವಿ ಹೋಯಿತು, ಪೌಡರು ಹೋಯಿತು, ಒಂದೂವರೆ ತಾಸಿನ ಕುಸುರಿ ಕೆಲಸವೆಲ್ಲ ಸೆರಗಿಗೆ ಹತ್ತಿಕೊಂಡಿತು. ಚಿಕ್ಕಪ್ಪನ ಸೊಂಟದಲ್ಲಿ ಕಾವಿ ಡಬ್ಬಿ ಇತ್ತು, ಆದರೆ ಎರಡು ಕೈಯೂ ನಮ್ಮ ಕೈಯ ಕೆಳಗೆ ಸಿಕ್ಕಿಕೊಂಡಿದ್ದವು. ಬಿಟ್ಟರೆ ಮದುವೆ ನಿಲ್ಲುತ್ತದೆ, ಹಿಡಿದರೆ ಮೇಕಪ್ಪು ಹೋಗುತ್ತದೆ! ಅವನು ಒಮ್ಮೆ ಪುರೋಹಿತರನ್ನು, ಒಮ್ಮೆ ಫೋಟೋದವನನ್ನು ನೋಡುತ್ತಿದ್ದಾಗಲೇ ಕ್ಯಾಮೆರಾ ಫಳ್ ಎಂದಿತು. ಚಿಕ್ಕಮ್ಮ ನೋಡುತ್ತಿದ್ದದ್ದು ನನ್ನನ್ನು. ಕ್ಯಾಮೆರಾ ಇದೆ ಎನ್ನುವುದೇ ಅವಳಿಗೆ ಮರೆತುಹೋಗಿತ್ತು.

ಹದಿನೈದು ದಿನದ ಮೇಲೆ ಫೋಟೋ ತರಲು ನಾನೂ ಚಿಕ್ಕಪ್ಪನೂ ಸ್ಟುಡಿಯೋಗೆ ಹೋದೆವು. ಚಿಕ್ಕಮ್ಮನ ಇಡೀ ಮುಖ ಇದ್ದ ಮೊದಲ ಫೋಟೋ, ಕಣ್ಣ ಕೆಳಗೆ ಕಪ್ಪು ಢಾಳಾಗಿತ್ತು. ಫೋಟೋದವನು ಕುಂಚ ತೆಗೆದು, "ಐದು ನಿಮಿಷ ಸಾರ್, ಈ ಕಪ್ಪನ್ನ ಗೊತ್ತೇ ಆಗದ ಹಾಗೆ ತಿದ್ದಿಬಿಡ್ತೀನಿ" ಎಂದ. ಇಪ್ಪತ್ತು ವರ್ಷದಿಂದ ಯಾವುದಕ್ಕಾಗಿ ಪರದಾಡಿದ್ದನೋ ಅದು ಐದು ನಿಮಿಷದಲ್ಲಿ! ಚಿಕ್ಕಪ್ಪ ಕುಣಿದಾಡುತ್ತಾನೆ ಎಂದುಕೊಂಡೆ. ಅವನು ಫೋಟೋವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದ.

"ಬ್ಯಾಡ ಕಣಪ್ಪ. ಅಂಗೇ ಇರ್ಲಿ" ಎಂದ.

ಯಾಕೆ ಎಂದು ಕೇಳಿದರೆ ಬಸ್ಸಿಗೆ ಹೊತ್ತಾಯಿತು ಎಂದ. ಕೆಲಸ ಕೆಟ್ಟಿತಲ್ಲ ಎಂಬ ಸಿಟ್ಟಿರಬೇಕು ಎಂದುಕೊಂಡು ಸುಮ್ಮನಾದೆ.

ಒಂದೂವರೆ ವರ್ಷ ಕಳೆದು ಬಾಣಂತನಕ್ಕೆ ಶ್ರೀರಂಗಪಟ್ಟಣಕ್ಕೆ ಬಂದೆ. ಮಗಳು ಹುಟ್ಟಿದಳು. ಆಹಾ, ಎಂಥ ಗಂಟಲು! ಹೆಗಲ ಮೇಲಿದ್ದರೆ ಮಾತ್ರ ನಿದ್ದೆ, ತೊಟ್ಟಿಲಲ್ಲಿ ಮಲಗಿಸಿದರೆ ಕಿರುಚಾಟ. ಎರಡು ತಿಂಗಳಿಗೆ ನನ್ನ ಕಣ್ಣ ಕೆಳಗೂ ಕಪ್ಪು ಬಂದು ಕೂತಿತು. ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಮಗುವನ್ನು ಹೆಗಲಿಗೆ ಹಾಕಿಕೊಂಡು ಗೋಡೆಗೆ ಒರಗಿ ತೂಕಡಿಸುತ್ತಿದ್ದೆ. ಚಿಕ್ಕಪ್ಪ ಅಂಗಡಿಯಿಂದ ಒಳಗೆ ಬಂದ. ಅರ್ಧ ಅಂಗುಲ ಕೆಳಗೆ ನೋಡಿದ. ಕೈಯಲ್ಲಿ ಕಾವಿ ಡಬ್ಬಿ ಇತ್ತು.

"ಅಚ್ಚು ಚಿಕ್ಕಪ್ಪ" ಎಂದು ನಾನೇ ಮುಖ ಮುಂದೆ ಮಾಡಿದೆ.

ಅವನು ಡಬ್ಬಿಯನ್ನು ಕಿಟಕಿಯಲ್ಲಿಟ್ಟ. ಬಚ್ಚಲಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದುಕೊಂಡು ಬಂದ. "ಮಗೀನ ಇತ್ಲಾಗ್ ಕೊಡಮ್ಮಿ. ನೀ ಮಲೀಕ್ಕೊ" ಎಂದ.

"ನಿಂಗ್ಯಾಕೆ? ಅಂಗಡೀಲಿ ಕೆಲ್ಸ ಇದೆಯಲ್ಲ."

"ಕೊಡು ಅಂದೆ" ಎಂದವನು ಮಗುವನ್ನು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡ. ಆಮೇಲೆ ನನ್ನ ಕಡೆ ನೋಡದೆ, ಗೋಡೆಗೆ ಹೇಳಿದಂತೆ ಹೇಳಿದ: "ನೀನೂ ಇಂಗೇ ಇದ್ದೆ ಕಣವ್ವ. ನಿಮ್ಮವ್ವ ಓದ್ಮೇಲೆ ಒಂದ್ ವರ್ಸ ನೀ ನೆಲ ಮುಟ್ನಿಲ್ಲ. ನಿಮ್ ಚಿಕ್ಕಮ್ಮ ಮದ್ವೆಯಾಗಿ ಬಂದು ಇನ್ನಾ ವರ್ಸ ತುಂಬಿರ್ನಿಲ್ಲ, ಇಪ್ಪತ್ ವಯಸ್ಸು. ನಿನ್ನ ಎಗಲ ಮ್ಯಾಲಾಕ್ಕೊಂಡು ಕೂತಿರೋಳು. ನಾನು ಪಕ್ಕದಾಗೆ ಗೊರ್ಕೆ ಒಡೀತಿದ್ದೆ. ಒಂದ್ ದಿನ, ಒಂದೇ ಒಂದ್ ದಿನ, ಮಗೀನ ಇತ್ಲಾಗ್ ಕೊಡು, ನೀ ಮಲೀಕ್ಕೊ ಅಂತ ಅನ್ನಾಕೆ ನಂಗ್ ಬಾಯ್ ಬರ್ನಿಲ್ಲ. ಬೆಂಕಿ ಮುಂದೆ ಕೆಲ್ಸ ಮಾಡೋನು, ನಿದ್ದೆ ಕೆಟ್ರೆ ಆಯ್ತದಾ ಅಂದ್ಕೊಂಡೆ. ಅವಳ ಮೊಖ ಕಪ್ಪಾಗಿದ್ ನೋಡುವಷ್ಟ್ ಒತ್ಗೆ ನೀ ಓಡಾಡ್ತಿದ್ದೆ."

ಹುಟ್ಟಿನಿಂದ ಬಂದ ಕಪ್ಪು, ವಂಶದ ಕಪ್ಪು ಎಂದು ನಾನು ಅಂದುಕೊಂಡಿದ್ದದ್ದು ನನ್ನಿಂದ ಬಂದದ್ದು. ಇಪ್ಪತ್ತಮೂರು ವರ್ಷದಲ್ಲಿ ಅವಳೂ ಹೇಳಲಿಲ್ಲ, ಇವನೂ ಹೇಳಲಿಲ್ಲ. ಬಿಕ್ಕಿ ಬಿಕ್ಕಿ ಅತ್ತೆ. ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮ ಸೌಟು ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ!

"ಈಗ್ ಬಂತಾ ಬುದ್ಧಿ?" ಎಂದಳು.

"ಬಂತು. ನೀನೂ ಓಗು, ಮಲೀಕ್ಕೊ."

"ಉಪ್ಸಾರು ಒಲೆ ಮ್ಯಾಲದೆ!"

"ನಾ ಇಳುಸ್ತೀನಿ. ಓಗು ಅಂದೆ."

ಆಶ್ಚರ್ಯ ನೋಡಿ, ಚಿಕ್ಕಮ್ಮ ಎದುರು ಮಾತಾಡಲಿಲ್ಲ. ಬಂದು ನನ್ನ ಪಕ್ಕ ಚಾಪೆಯ ಮೇಲೆ ಮಲಗಿ, ಕೈಯನ್ನು ನನ್ನ ಮೇಲೆ ಹಾಕಿಕೊಂಡಳು. ಯಾವಾಗ ನಿದ್ದೆ ಹೋದೆನೋ ಗೊತ್ತಿಲ್ಲ.

ಬಾಗಿಲ ಸದ್ದಿಗೆ ಎಚ್ಚರವಾಯಿತು. ಬಿಸಿಲು ಅಂಗಳದ ಆಚೆಗೆ ಸರಿದಿತ್ತು. ಉಪ್ಸಾರು ಸೀದ ವಾಸನೆ ಮನೆಯೆಲ್ಲ ತುಂಬಿತ್ತು. ಚಿಕ್ಕಮ್ಮ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಚಿಕ್ಕಪ್ಪ ನಮ್ಮ ಹತ್ತಿರವೇ ನಿಂತಿದ್ದ. ಅವನು ಚಿಕ್ಕಮ್ಮನ ಕಣ್ಣನ್ನೇ ನೋಡುತ್ತಿದ್ದ. ಅರ್ಧ ಅಂಗುಲ ಕೆಳಗಲ್ಲ, ಮುಚ್ಚಿಕೊಂಡಿದ್ದ ಕಣ್ಣನ್ನೇ. ಹೊರಗೆ ಗಿರಾಕಿಯೊಬ್ಬರು ಮತ್ತೆ ಬಾಗಿಲು ತಟ್ಟಿ, ಬಳೆ ಆಯಿತೇ ಎಂದು ಕೇಳಿದರು. ಚಿಕ್ಕಪ್ಪ ತುದಿಗಾಲಲ್ಲಿ ಹೋಗಿ ಬಾಗಿಲು ಓರೆ ಮಾಡಿದ.

"ನಾಳೆ ಬನ್ನಿ" ಎಂದ ಪಿಸುದನಿಯಲ್ಲಿ. "ನಮ್ಮನೇಲಿ ಎಲ್ರೂ ಮಲಗವ್ರೆ."